ಮೊದಲ ರಿಪೋರ್ಟ್ ನಾರ್ಮಲ್ ಬಂತು ಅಂತ ಬೆಕ್ಕನ್ನ ಮನೆಗೆ ಕರ್ಕೊಂಡು ಹೋಗ್ಬೇಡಿ

ಮೇಲಿಂದ ಬಿದ್ದ, ಗಾಡಿ ತಗುಲಿದ ಬೆಕ್ಕು ಬಂದಾಗೆಲ್ಲ ಇದೇ ಮಾತು, "ಡಾಕ್ಟ್ರೇ, ಬ್ಲಡ್ ರಿಪೋರ್ಟ್ ನಾರ್ಮಲ್ ಇದ್ಯಲ್ಲ, ಕರ್ಕೊಂಡು ಹೋಗ್ಲಾ?" ಪೆಟ್ಟಾಗಿ ಒಂದು ಗಂಟೆನೂ ಆಗಿರಲ್ಲ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೀತಿದೀನಿ.

ಆ ರಿಪೋರ್ಟಲ್ಲಿರೋ ಪಿಸಿವಿ ಅಂದ್ರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಅಂತ, ಮೈಯಲ್ಲಿ ಎಷ್ಟು ರಕ್ತ ಉಳಿದಿದೆ ಅಂತ ಅಲ್ಲ. ಬಕೆಟಲ್ಲಿ ಬಣ್ಣದ ನೀರಿದೆ, ಅರ್ಧ ಚೆಲ್ಲಿದ್ರಿ, ಉಳಿದಿದ್ದರ ಬಣ್ಣ ತೆಳು ಆಗತ್ತಾ? ಇಲ್ವಲ್ಲ. ರಕ್ತ ಸೋರಿದಾಗಲೂ ಹಾಗೇ, ಕಣ ನೀರು ಎರಡೂ ಒಟ್ಟಿಗೇ ಹೋಗತ್ತೆ, ಪಾಲು ಇದ್ದಷ್ಟೇ ಇರತ್ತೆ. ಆಮೇಲೆ ಗಂಟೆಗಟ್ಟಲೆ ಮೈಯೊಳಗಿನ ನೀರು ರಕ್ತನಾಳಕ್ಕೆ ಸೇರಿ, ನಾವು ಹಾಕೋ ಡ್ರಿಪ್ಪೂ ಸೇರಿ ರಕ್ತ ತೆಳು ಆದ್ಮೇಲೇ ಆ ನಂಬರ್ ಇಳಿಯೋದು. ನಾಲ್ಕು ಕೆಜಿ ಬೆಕ್ಕಲ್ಲಿರೋ ರಕ್ತವೇ ಹೆಚ್ಚುಕಮ್ಮಿ 200ರಿಂದ 240 ಎಂಎಲ್, ಅದರಲ್ಲಿ 50-60 ಎಂಎಲ್ ಹೊಟ್ಟೆಯೊಳಗೇ ಸೋರಿದ್ರೆ ಹೊರಗಿಂದ ಗೊತ್ತೇ ಆಗ್ದೆ ಇರಬಹುದು.

ಬಾಲ್ಕನಿಯಿಂದ ಬಿದ್ದ ಒಂದು ಬೂದು ಹೆಣ್ಣು ಬೆಕ್ಕು, ಬಂದಾಗ ಪಿಸಿವಿ 36, ಅಂದ್ರೆ ನಾರ್ಮಲ್ಲೇ, ಮನೆಯವರು ಬಾಸ್ಕೆಟ್ ಎತ್ಕೊಂಡು ಹೊರಟೇ ಬಿಟ್ಟಿದ್ರು. ವಸಡು ಬಿಳಚಿಕೊಂಡಿತ್ತು, ಪಾದ ತಣ್ಣಗೆ, ಜ್ವರ ನೋಡೋ ಕಡ್ಡಿ ಇಟ್ರೆ 36.2 ಡಿಗ್ರಿ ಸೆಲ್ಸಿಯಸ್, ಬೆಕ್ಕಿಗೆ 38 ದಾಟಿರ್ಬೇಕು. ನಾನು ಬಿಡ್ಲಿಲ್ಲ. ಆರು ಗಂಟೆ ಬಿಟ್ಟು ನೋಡಿದ್ರೆ 23, ಸ್ಕ್ಯಾನಲ್ಲಿ ಹೊಟ್ಟೆಯೊಳಗೆ ರಕ್ತ. ಗ್ರೂಪ್ ನೋಡಿ ರಕ್ತ ಕೊಟ್ವಿ (ಬೆಕ್ಕಿಗೆ ಮೊದಲ ಸಲ ಆದ್ರೂ ಗ್ರೂಪ್ ನೋಡದೆ ಕೊಡೋ ಹಾಗಿಲ್ಲ, ಬಿ ಗ್ರೂಪಿನ ಬೆಕ್ಕಿಗೆ ಎ ಹೋದ್ರೆ ಜೀವವೇ ಹೋಗಬಹುದು). ಆ ಮನೆ ಹುಡುಗ ಬೆಳಗಿನವರೆಗೂ ಪಂಜರದ ಕಂಬಿಯೊಳಗೆ ಬೆರಳಿಟ್ಕೊಂಡು ಕೂತಿದ್ದ.

ಬಿಳಿ ಕಣದ ಕಥೆನೂ ಇದೇ. ಕೌಂಟ್ ಜಾಸ್ತಿ ಇದ್ರೆ ಇನ್ಫೆಕ್ಷನ್, ಆಂಟಿಬಯಾಟಿಕ್ ಕೊಡಿ ಅಂತಾರೆ. ಹೆದರಿದ ಬೆಕ್ಕಲ್ಲಿ ನಾಳದ ಗೋಡೆಗೆ ಅಂಟ್ಕೊಂಡಿದ್ದ ಕಣಗಳು ಹರಿಯೋ ರಕ್ತಕ್ಕೆ ಬಂದ್ಬಿಡ್ತವೆ, ಲಿಂಫೋಸೈಟ್ ಅನ್ನೋ ಬಗೆಯ ಬಿಳಿ ಕಣ ಕೂಡ ಏರತ್ತೆ, ಅದು ಬರೀ ಭಯ. ಪೆಟ್ಟು ಜೋರಾಗಿದ್ರೆ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಏರಿ, ನ್ಯೂಟ್ರೋಫಿಲ್ ಅನ್ನೋ ಇನ್ನೊಂದು ಬಗೆ ಬಿಳಿ ಕಣ ಮೇಲೆ, ಲಿಂಫೋಸೈಟ್ ಕೆಳಗೆ, ಇವೆರಡರ ಅಂತರ ಹೆಚ್ತಾ ಹೋಗತ್ತಾ ಅಂತ ನೋಡೋಕೇ ಎರಡನೇ, ಮೂರನೇ ಸಲ ರಕ್ತ ತೆಗೆಯೋದು, ದುಡ್ಡಿಗಲ್ಲ. ಮೈಕ್ರೋಸ್ಕೋಪಲ್ಲಿಟ್ಟ ರಕ್ತದ ಸ್ಲೈಡಲ್ಲಿ ಬಲಿಯದ ನ್ಯೂಟ್ರೋಫಿಲ್‌ಗಳು ಹೆಚ್ಚಾಗಿ ಕಂಡ್ರೆ ನಂಗೆ ಚಿಂತೆ ಶುರು. ಇಷ್ಟರಿಂದಲೇ ಬದುಕತ್ತೆ, ಸಾಯತ್ತೆ ಅಂತ ಹೇಳಕ್ಕಾಗಲ್ಲ, ಉಸಿರಾಟ, ಬಿಪಿ, ಲ್ಯಾಕ್ಟೇಟ್ (ಮೈಗೆ ಆಕ್ಸಿಜನ್ ಸಾಲದಾಗ ರಕ್ತದಲ್ಲಿ ಏರೋ ಅಂಶ) ಎಲ್ಲ ಜೊತೆಗಿಟ್ಟೇ ನೋಡ್ಬೇಕು. ಇನ್ನು ಪ್ಲೇಟ್ಲೆಟ್ ಕಮ್ಮಿ ಅಂತ ಮೆಷಿನ್ ಹೇಳಿದ್ರೆ ಗಾಬರಿ ಬೇಡ, ಬೆಕ್ಕಿನವು ಗುಂಪಾಗಿ ಅಂಟ್ಕೊಳ್ತವೆ, ಮೆಷಿನ್ ಎಣಿಕೆ ತಪ್ಪತ್ತೆ, ಸ್ಲೈಡ್ ನೋಡ್ಸಿ.

ಆ ಬೂದು ಬೆಕ್ಕಿಗೆ ಮೂರನೇ ದಿನ ಲಿಂಫೋಸೈಟ್ ವಾಪಸ್ ಏರಿತ್ತು, ಪಿಸಿವಿ 29ರಲ್ಲೇ ನಿಂತಿತ್ತು, ಸೂಜಿ ಕಂಡು ಬುಸ್ ಅಂತು. ಅವತ್ತು ಸಂಜೆ ನಾನೇ ಬಾಸ್ಕೆಟಲ್ಲಿ ಕೂರ್ಸಿ ಕಳಿಸ್ದೆ.