ಬಿಪಿಸಿ-157 ಮತ್ತು ಟೆಂಡನ್ ಗಾಯ: ಇಲಿಯಿಂದ ಮನುಷ್ಯನವರೆಗಿನ ದೂರ

ಸ್ನಾಯುವನ್ನು ಮೂಳೆಗೆ ಕಟ್ಟುವುದು ಟೆಂಡನ್, ಮೂಳೆಯನ್ನು ಮೂಳೆಗೆ ಕಟ್ಟುವುದು ಲಿಗಮೆಂಟ್. ಎರಡೂ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನಿನ ಒಂದನೇ ಬಗೆಯ ಎಳೆಗಳ ಹುರಿ. ಜೀವಕೋಶಗಳೂ ರಕ್ತನಾಳಗಳೂ ಕಡಿಮೆ, ಹಾಗಾಗಿ ಮಾಯುವುದು ನಿಧಾನ. ಮೊದಲು ಉರಿಯೂತ, ಆಮೇಲೆ ಅಡ್ಡಾದಿಡ್ಡಿಯಾಗಿ ತುಂಬಿಕೊಳ್ಳುವ ಮೂರನೇ ಬಗೆಯ ಕೊಲಾಜೆನ್, ಕೊನೆಗೆ ತಿಂಗಳುಗಟ್ಟಲೆ ನಡೆಯುವ ಮರುಜೋಡಣೆ. ಪೆಪ್ಟೈಡ್‌ಗಳ ಮೇಲಿನ ಆಸೆ ಹುಟ್ಟಿದ್ದೇ ಈ ಕಾಯುವಿಕೆಯಿಂದ.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ಬಿಪಿಸಿ-157ರಲ್ಲಿ ಇರುವುದು 15 ಕೊಂಡಿಗಳು. ಇದು ಜಠರರಸದ ಪ್ರೋಟೀನ್ ಒಂದರ ತುಣುಕು ಎಂದವರು ಕ್ರೊವೇಷಿಯಾದ ಝಾಗ್ರೆಬ್‌ನ ಪ್ರೆಡ್ರಾಗ್ ಸಿಕಿರಿಚ್ ಅವರ ತಂಡ. ಪ್ರಕಟವಾದ ಕೆಲಸದ ದೊಡ್ಡ ಪಾಲೂ ಅವರದೇ. ಇದನ್ನು ನೆನಪಿಟ್ಟು ಓದಿ. ಕತ್ತರಿಸಿದ ಅಕಿಲಿಸ್ ಟೆಂಡನ್ (ಹಿಮ್ಮಡಿಯ ಹಿಂದಿನದು) ಬಿಪಿಸಿ-157 ಪಡೆದ ಇಲಿಗಳಲ್ಲಿ ಚೆನ್ನಾಗಿ ಕೂಡಿಕೊಂಡಿತು. ಪ್ರಯೋಗಾಲಯದಲ್ಲಿ ಬೆಳೆಸಿದ ಟೆಂಡನ್ ಕೋಶಗಳು ಚುರುಕಾಗಿ ಸರಿದಾಡಿದವು. ಹೊಸ ರಕ್ತನಾಳಗಳ ಹುಟ್ಟಿಗೂ ಒತ್ತಾಸೆ ಸಿಕ್ಕಿತು. ಟಿಬಿ-500 ಎಂಬುದು ಬೇರೊಂದು ಪೆಪ್ಟೈಡ್: 43 ಕೊಂಡಿಗಳ ಥೈಮೋಸಿನ್ ಬೀಟಾ-4ರ ತುಣುಕು.

ನನಗೆ ಮುಖ್ಯವೆನಿಸುವ ಮಾತು ಇಲ್ಲಿದೆ. ಇಲಿಯದು ಆರೋಗ್ಯವಾಗಿದ್ದ ಟೆಂಡನ್‌ಗೆ ಬ್ಲೇಡಿನಿಂದ ಆದ ನೇರ ಗಾಯ. ವೈದ್ಯರ ಬಳಿ ಬರುವವರಲ್ಲಿ ಬಹಳಷ್ಟು ಮಂದಿಯದು ಮೆಲ್ಲಗೆ ಸವೆದು, ಎಳೆಗಳ ಸಾಲು ಕದಡಿಹೋದ ಟೆಂಡನ್. ಅಂಥ ನೋಯುವ ಟೆಂಡನ್‌ನಲ್ಲಿ ಎಷ್ಟೋ ಸಲ ಹೊಸ ರಕ್ತನಾಳಗಳು ಆಗಲೇ ನುಗ್ಗಿರುವುದು ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಅವುಗಳ ಜೊತೆ ಬೆಳೆಯುವ ನರದೆಳೆಗಳಿಗೂ ನೋವಿಗೂ ನಂಟಿದೆ ಎಂಬ ವಾದವಿದೆ. ಹಾಗಿದ್ದರೆ 'ರಕ್ತನಾಳ ಬೆಳೆಸುತ್ತದೆ' ಎನ್ನುವುದನ್ನು ಕಣ್ಣು ಮುಚ್ಚಿ ಗುಣವೆಂದು ಬರೆದುಕೊಳ್ಳಬಹುದೇ? ಗಡ್ಡೆಗಳು ಬೆಳೆಯುವುದಕ್ಕೂ ರಕ್ತನಾಳ ಬೇಕು. ಕ್ಯಾನ್ಸರ್ ಕುರಿತ ಎಚ್ಚರಿಕೆಯ ಮೂಲ ಇದು.

ಮನುಷ್ಯರ ಮೇಲಿನ ಪುರಾವೆ ತೀರ ತೆಳು. ಮಂಡಿನೋವಿಗೆ ಚುಚ್ಚುಮದ್ದು ಪಡೆದ ಕೆಲವೇ ಜನರ ವರದಿ ಇದೆ, ಹೋಲಿಕೆಗೆ ಇನ್ನೊಂದು ಗುಂಪಿಲ್ಲ. ಟೆಂಡನ್ ನೋವು ತಾನಾಗಿಯೇ ಏರಿಳಿಯುವುದರಿಂದ ಹೋಲಿಕೆ ಇಲ್ಲದ 'ಗುಣವಾಯಿತು' ಹೆಚ್ಚೇನೂ ಹೇಳದು. ವಿಶ್ವ ಉದ್ದೀಪನ ಮದ್ದು ತಡೆ ಘಟಕ 2022ರಿಂದ ಬಿಪಿಸಿ-157 ಅನ್ನು ನಿಷೇಧಿತ ಪಟ್ಟಿಯಲ್ಲಿ ಹೆಸರಿಸಿದೆ. ಟಿಬಿ-500 ಕೂಡ ನಿಷಿದ್ಧ. 'ಸಂಶೋಧನೆಗೆ ಮಾತ್ರ' ಎಂಬ ಚೀಟಿ ಅಂಟಿಸಿ ಮಾರುವ ಸೀಸೆಗಳ ಶುದ್ಧತೆಗೆ ಖಾತರಿಯಿಲ್ಲ.

ಈಗ 1998ರ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ತಂಡದ ಅಧ್ಯಯನ ನೋಡಿ. ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸುವ ವ್ಯಾಯಾಮ, ದಿನಕ್ಕೆ 180 ಸಲ, 12 ವಾರ. ಅಕಿಲಿಸ್ ನೋವಿದ್ದ ಓಟಗಾರರು ಮತ್ತೆ ಓಡಿದರು. ಮುಂದೆ ಪೆಪ್ಟೈಡ್ ಪರೀಕ್ಷಿಸುವವರು ಹೋಲಿಕೆಗೆ ಇಟ್ಟುಕೊಳ್ಳಬೇಕಾದದ್ದು ಇಂಥ ವ್ಯಾಯಾಮದ ಗುಂಪನ್ನು.