ಚೌಬಾರಾದಿಂದ ಕೋಟೆಗೆ ನಡೆದೇ ಹೋಗಿ

ಹಳೆ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಬೀದರಿನ ಹಳೆ ಊರಿನ ಓಣಿಗಳಲ್ಲಿ ಸುಣ್ಣ, ಗಚ್ಚು, ಕೆಂಪು ಕಲ್ಲು ಅಂತ ಓಡಾಡುತ್ತಲೇ ಇರುತ್ತೇನೆ. "ಬೀದರ್ ನೋಡಿದ್ವಿ, ಎರಡೇ ತಾಸಿನಾಗ ಎಲ್ಲಾ ಮುಗೀತ್ರಿ" ಅಂತ ಯಾರಾದರೂ ಹೇಳಿದರೆ ಬೇಜಾರಾಗುತ್ತದೆ. ಅವರ ತಪ್ಪಲ್ಲ. ಕಾರು ಕೋಟೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ, ಫೋಟೊ ಆಗುತ್ತದೆ, ಊಟಕ್ಕೆ ಹೊರಡುತ್ತಾರೆ. ನಡುವಿನ ಊರು ಹಾಗೇ ಉಳಿದುಹೋಗುತ್ತದೆ.

ಈ ಊರು ಕಾಲ್ನಡಿಗೆಯ ಕಾಲದ್ದು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಉತ್ತರಕ್ಕೆ ಕೋಟೆ, ಅದರ ಪಕ್ಕಕ್ಕೆ ಗೋಡೆ ಕಟ್ಟಿದ ಊರು, ಊರಿನ ನಡುವೆ ನಾಲ್ಕು ದಾರಿ ಕೂಡುವ ಕಡೆ ಚೌಬಾರಾ. ಶಾಹಗಂಜ್, ಮಂಗಲಪೇಟೆ, ಫತೇ ದರ್ವಾಜಾ ಅಂತ ಜನ ಇವತ್ತಿಗೂ ವಿಳಾಸ ಹೇಳುವುದು ಆ ಗೋಡೆಯ ಬಾಗಿಲುಗಳ ಹೆಸರಿನಲ್ಲೇ.

ಹಾಗಾಗಿ ಬೆಳಿಗ್ಗೆ ಚೌಬಾರಾದಿಂದ ಶುರು ಮಾಡಿ. ಸುಮಾರು 71 ಅಡಿ ಎತ್ತರದ ದುಂಡನೆ ಗೋಪುರ, ಕಾವಲಿಗೆ ಕಟ್ಟಿದ್ದು. ಅದರ ಬುಡದಲ್ಲಿ ನಿಂತು ಒಂದು ಚಹಾ ಕುಡಿಯಿರಿ. ಅಂಗಡಿ ಶಟರ್‌ಗಳು ಒಂದೊಂದಾಗಿ ಏಳುತ್ತಿರುತ್ತವೆ. ನಿಮ್ಮ ಸುತ್ತ ಆಟೋ, ತಳ್ಳುಗಾಡಿ, ಶಾಲೆ ಮಕ್ಕಳು ಎಲ್ಲಾ ಅದೇ ಗೋಪುರವನ್ನು ಬಳಸಿಕೊಂಡೇ ಹೋಗಬೇಕು. ಐನೂರು ವರ್ಷ ಹಳೆಯ ಊರಿನ ಯೋಜನೆ ಇನ್ನೂ ಕೆಲಸ ಮಾಡುತ್ತಿದೆ ಅನ್ನೋದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಅಲ್ಲಿಂದ ಕೋಟೆ ಕಡೆ ನಡೆದರೆ ಮಹಮೂದ್ ಗವಾನ್ ಮದರಸಾ. ಬೆಳಿಗ್ಗೆಯೇ ಬನ್ನಿ ಅಂದದ್ದು ಇದಕ್ಕೇ. ಅದರ ಮುಂಭಾಗ ಪೂರ್ವಕ್ಕಿದೆ. ಎಳೆ ಬಿಸಿಲು ನೇರವಾಗಿ ಗೋಡೆಗೆ ಕೂರಿಸಿದ ಮೆರುಗಿನ ಹೆಂಚಿನ ಮೇಲೆ ಬಿದ್ದಾಗ ಆ ನೀಲಿ, ಹಸಿರು, ಬಿಳಿ ಬಣ್ಣ ಎದ್ದು ಬರುತ್ತವೆ. ಮಧ್ಯಾಹ್ನದ ಮೇಲೆ ಬಂದವರಿಗೆ ಅದು ನೆರಳಿನಲ್ಲಿ ಮಂಕಾಗಿ ಕಾಣುತ್ತದೆ. ಪರ್ಷಿಯಾದ ಗಿಲಾನ್‌ನಿಂದ ಬಂದು ಇಲ್ಲಿ ವಜೀರನಾದವನು ಗವಾನ್. 1472ರಲ್ಲಿ ಈ ವಿದ್ಯಾಸಂಸ್ಥೆ ಕಟ್ಟಿಸಿದ. ಒಂಬತ್ತು ವರ್ಷಕ್ಕೆ, ಸುಳ್ಳು ಪತ್ರದ ಆರೋಪದ ಮೇಲೆ ಸುಲ್ತಾನನೇ ಅವನನ್ನು ಕೊಲ್ಲಿಸಿದ. ಮುಂದೆ ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ದಕ್ಷಿಣದ ಪಾಲು ಹೋಯಿತು. ಉಳಿದ ಒಂದು ಮಿನಾರಿನ ಹತ್ತಿರ ಹೋಗಿ ನೋಡಿ. ಹೆಂಚು ಉದುರಿದ ಕಡೆ ಗಚ್ಚಿನ ಹಾಸು ಕಾಣುತ್ತದೆ. ದಯವಿಟ್ಟು ಬೆರಳಿನಿಂದ ಕೆರೆಯಬೇಡಿ, ಅಂಚಿನ ಹೆಂಚು ಹಿಡಿದುಕೊಂಡಿರುವುದು ಅಷ್ಟರಿಂದಲೇ.

ದಾರಿಯ ಹಳೆ ಮನೆಗಳ ಗೋಡೆಯನ್ನೂ ನೋಡುತ್ತಾ ಹೋಗಿ. ಇಲ್ಲಿನ ಕೆಂಪು ಕಲ್ಲು ನೀರು ಕುಡಿಯುತ್ತದೆ, ಮತ್ತೆ ಬಿಡುತ್ತದೆ. ಸುಣ್ಣದ ಗಿಲಾವು ಇದ್ದರೆ ತೇವ ಹೊರಗೆ ಹೋಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ಒಳಗೇ ಉಳಿದು ಕಲ್ಲು ಪುಡಿಯಾಗುತ್ತದೆ. ಹೊಸ ಸಿಮೆಂಟಿನ ಪಟ್ಟಿಗೆ ತಾಗಿಕೊಂಡೇ ಹಳೆ ಕಲ್ಲು ಹಿಟ್ಟಿನಂತೆ ಉದುರುವುದು ಕಂಡರೆ ಕಾರಣ ಹೆಚ್ಚಾಗಿ ಇದೇ. ಕೆಲಸದ ಶುರುವಿನ ದಿನಗಳಲ್ಲಿ ಒಬ್ಬ ಅಜ್ಜನ ಮನೆಗೆ ನಾನೂ ಸಿಮೆಂಟ್ ಒಪ್ಪಿಕೊಂಡಿದ್ದೆ, ಎರಡು ಮಳೆಗಾಲ ಕಳೆದ ಮೇಲೆ ಅದನ್ನೆಲ್ಲಾ ಕಿತ್ತು ಸುಣ್ಣ ಹಾಕಿಸಬೇಕಾಯಿತು. ಆ ಅಜ್ಜನ ಮುಖ ಇನ್ನೂ ನೆನಪಿದೆ.

ಇನ್ನು ಬಿದ್ರಿ ಅಂಗಡಿಗಳು, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಇಲ್ಲಿನ ಕುಸುರಿ ಕೆಲಸದವು. ಕೊಳ್ಳುವ ಅವಸರ ಬೇಡ, ಮೊದಲು ಒಳಗೆ ಕೆಲಸ ನಡೆಯುತ್ತಿದೆಯಾ ಕೇಳಿ. ಇದ್ದರೆ ಅರ್ಧ ತಾಸು ಸುಮ್ನೆ ಕೂತುಬಿಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತ ಸವರುತ್ತಾರೆ, ಗೀರಿದ ಗೆರೆ ಕಾಣಲಿ ಅಂತ. ಪಾತ್ರೆಯನ್ನು ಮೇಣದಿಂದ ಕಲ್ಲಿಗೆ ಅಂಟಿಸಿ, ಸಣ್ಣ ಉಳಿಯಿಂದ ಹೂವು ಬಳ್ಳಿ ಕೊರೆದು, ಆ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಬಡಿಯುತ್ತಾರೆ. ಕೊನೆಗೆ ಬಿಸಿ ಮಾಡಿ, ಕೋಟೆಯ ಹಳೆ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದರೆ ಲೋಹವೆಲ್ಲಾ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬಿಳಿಯಾಗೇ ಉಳಿಯುತ್ತದೆ. ಮಣ್ಣು ಸರಿಯಿದೆಯಾ ಅಂತ ಹಳೆ ಕೈಗಳು ಒಂದು ಚಿಟಿಕೆ ನಾಲಿಗೆಗೆ ಇಟ್ಟು ಹೇಳುತ್ತಾರೆ. 2006ರಲ್ಲಿ ಬಿದ್ರಿಗೆ ಜಿಐ, ಅಂದರೆ ಇಂಥ ಊರಿನದೇ ವಸ್ತು ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ, ಆದರೂ ಆ ನಾಲಿಗೆಯ ಅಂದಾಜು ಯಾವ ಕಾಗದಕ್ಕೂ ಇಳಿಯುವುದಿಲ್ಲ.

ಕೋಟೆ ದೊಡ್ಡದು, ನೀರಿನ ಬಾಟಲಿ ಇರಲಿ. ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ತಪ್ಪಿಸಬೇಡಿ. ಒಳಗೆ ಹಳೆ ಶಾಹಿ ಸ್ನಾನಗೃಹದಲ್ಲೇ ಮ್ಯೂಸಿಯಂ ಇದೆ. ರಂಗೀನ್ ಮಹಲ್‌ಗೆ ಬೀಗ ಇದ್ದರೆ ಹಾಗೇ ವಾಪಸ್ ಬರಬೇಡಿ, ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಅದರ ಒಳಬಾಗಿಲಿನ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಕಪ್ಪಿನಲ್ಲಿ ಬಿಳಿ, ಬೆಳಿಗ್ಗೆ ಅಂಗಡಿಯಲ್ಲಿ ನೋಡಿದ್ದೇ ಅಲ್ವಾ?

ಬಿದ್ರಿ ಕೊಳ್ಳುವುದಿದ್ದರೆ ಅದನ್ನು ನೋಡಿದ ಮೇಲೆ, ಅದೇ ದಾರಿಯಲ್ಲಿ ವಾಪಸ್ ನಡೆದು ಬರುವಾಗ ಕೊಳ್ಳಿ. ಕೈಯಲ್ಲಿ ಹಿಡಿದು ತೂಕ ನೋಡಿ, ಗೆರೆಯ ಮೇಲೆ ಉಗುರು ಆಡಿಸಿ. ಬೆಳ್ಳಿ ಎಲ್ಲೂ ತಡೆಯಬಾರದು.