ಒಂದು ಟಗರಿಗೆ ಮೂರೂವರೆ ಕೋಟಿ ಯಾಕೆ ಕೊಟ್ರು: ವಂಶಾವಳಿ ಹರಾಜಿನ ಹಿಂದಿನ ಕಥೆ

ಕೆಲವು ವರ್ಷದ ಹಿಂದೆ ನಮ್ಮನೆಗೆ ಒಂದು ಬೀಜದ ಟಗರು ತಂದ್ವಿ. ಅಪ್ಪಟ ಬನ್ನೂರು ತಳಿ ಅಂತ ಹೇಳಿ ಕೊಟ್ಟಿದ್ರು, ನೋಡೋಕೂ ಹಾಗೇ ಇತ್ತು, ಗಿಡ್ಡ ಕಾಲು, ಪೀಪಾಯಿ ಥರ ಮೈ, ಕೊರಳಲ್ಲಿ ಜೋತಾಡೋ ಎರಡು ಮೊಲೆ, ಹಿಂದಿನಿಂದ ನೋಡಿದ್ರೆ ಎರಡು ತೊಡೆ ಸೇರಿ ಬೋರಲು ಹಾಕಿದ ಬೋಸಿ ಥರ ದುಂಡಗೆ. ನಮ್ ದೊಡ್ಡಪ್ಪ ಬೆನ್ನ ಮೇಲೆ ಕೈ ಆಡ್ಸಿ, ಸೊಂಟ ಹಿಡಿದು ನೋಡಿ, ತುಟಿ ಎತ್ತಿ ಹಲ್ಲು ಎಣಿಸಿ, ಎರಡಲ್ಲು, ಸರಿಯಾಗೈತೆ ಅಂದ್ರು. ಮುಂದಿನ ವರ್ಷ ಮರಿ ಬಿದ್ವು ನೋಡಿ, ಅರ್ಧಕ್ಕರ್ಧ ಉದ್ದ ಕಾಲು, ಉದ್ದ ಮೂತಿ, ಅಪ್ಪನ ಗುರುತೇ ಇಲ್ಲ. ದೊಡ್ಡಪ್ಪ ಕೊಟ್ಟೋರನ್ನ ಬೈಲಿಲ್ಲ, "ಇದರ ಅಪ್ಪ ಯಾವ್ದು, ಅವ್ವ ಯಾವ್ದು ಅಂತ ಕೇಳ್ಬೇಕಿತ್ತು ಕಣ್ಲಾ" ಅಂದ್ರು ಅಷ್ಟೇ. ಆದ್ರೆ ಕೇಳಿದ್ರೂ ಹೇಳೋಕೆ ಯಾರ ಹತ್ರಾನೂ ಏನೂ ಬರೆದಿಟ್ಟಿರಲಿಲ್ಲ, ಮಾರಿದೋರಿಗೂ ಗೊತ್ತಿರಲಿಲ್ಲ ಅನ್ಸುತ್ತೆ.

ಆಮೇಲೆ 2020ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್ ಅನ್ನೋ ಊರಲ್ಲಿ ಟೆಕ್ಸೆಲ್ ಅನ್ನೋ ಮಾಂಸದ ತಳಿಯ ಒಂದು ಟಗರು ಮರಿ, ಹೆಸರು ಡಬಲ್ ಡೈಮಂಡ್, ಬರೀ ಆರು ತಿಂಗಳದ್ದು, 3 ಲಕ್ಷ 50 ಸಾವಿರ ಗಿನಿಗೆ (ಅಲ್ಲಿ ಹರಾಜಲ್ಲಿ ಕೂಗೋ ಹಳೇ ಲೆಕ್ಕ) ಹರಾಜಾಯ್ತು ಅಂತ ಸುದ್ದಿ ಬಂತಲ್ಲ, ಪೌಂಡಲ್ಲಿ 3,67,500, ಆಗಿನ ಲೆಕ್ಕಕ್ಕೆ ನಮ್ ದುಡ್ಡಲ್ಲಿ ಮೂರೂವರೆ ಕೋಟಿ ಮೇಲೆ. ಮೂರು ಫಾರ್ಮ್‌ನೋರು ಸೇರಿ ತಗೊಂಡ್ರು. ಅದಕ್ಕೆ ಮುಂಚಿನ ದಾಖಲೆ ಅಂದ್ರೆ 2009ರಲ್ಲಿ ಅದೇ ಲ್ಯಾನಾರ್ಕ್‌ನಲ್ಲಿ 2 ಲಕ್ಷ 20 ಸಾವಿರ ಗಿನಿಗೆ ಹೋದ ಡೆವೆರಾನ್‌ವೇಲ್ ಪರ್ಫೆಕ್ಷನ್, ಅದೂ ಟೆಕ್ಸೆಲ್ಲೇ. ಎಲ್ರೂ ಹುಚ್ಚು ಅಂದ್ರು. ನಂಗೆ ಮಾತ್ರ ದೊಡ್ಡಪ್ಪನ ಮಾತೇ ನೆನಪಾಯ್ತು. ಅಲ್ಲಿಯೋರು ದುಡ್ಡು ಸುರಿದಿದ್ದು ಮರಿಯ ಮೈಗೆ ಮಾತ್ರ ಅಲ್ಲ, ಅದರ ಅಪ್ಪ ಯಾವ್ದು, ಅವ್ವ ಯಾವ್ದು ಅನ್ನೋ ಪ್ರಶ್ನೆಗೆ ಇದ್ದ ಉತ್ತರಕ್ಕೆ. ಆ ಉತ್ತರ ಬರೆದಿಡೋ ಪದ್ಧತಿ ಹೆಂಗೆ ಬಂತು ಅಂತ ಹುಡುಕ್ತಾ ಹೋದ್ರೆ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗ್ಬೇಕು.

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಲಫ್‌ಬರೋ ಪಕ್ಕ ಡಿಶ್ಲಿ ಅಂತ ಒಂದು ಫಾರ್ಮ್. ಅಲ್ಲಿ ರಾಬರ್ಟ್ ಬೇಕ್‌ವೆಲ್ ಅನ್ನೋ ರೈತ ಇದ್ದ, ಹುಟ್ಟಿದ್ದು 1725, ಸತ್ತಿದ್ದು 1795. ಆವಾಗಿನ ಕಾಲಕ್ಕೆ ಕುರಿ ಅಂದ್ರೆ ಮೊದಲು ಉಣ್ಣೆ, ಆಮೇಲೆ ಮಾಂಸ. ಊರುಗಳು ಬೆಳೀತಾ ಇದ್ವು, ಮಾಂಸಕ್ಕೆ ಗಿರಾಕಿ ಜಾಸ್ತಿ ಆಗ್ತಾ ಇದ್ರು, ಈತ ಬೇಗ ಕೊಬ್ಬೋ, ಮೂಳೆ ಸಣ್ಣ ಇರೋ, ಪೀಪಾಯಿ ಮೈಯ ಕುರಿ ಮಾಡ್ಬೇಕು ಅಂತ ಹೊರಟ. ಗಮನಿಸಿ, ನಮ್ ಬನ್ನೂರು ಕುರಿಗೆ ನಾವು ಹುಡುಕೋದೂ ಹೆಚ್ಚುಕಮ್ಮಿ ಇದನ್ನೇ. ಗಂಡು ಹೆಣ್ಣು ಬೇರೆ ಬೇರೆ ಕಟ್ಟಿ, ಬೇಕಾದ ಟಗರನ್ನ ಬೇಕಾದ ಕುರಿಗೆ ಮಾತ್ರ ಬಿಟ್ಟು, ತಂದೆ ಮಗಳು ಅಂತಾನೂ ನೋಡದೆ ಹತ್ತಿರದ ರಕ್ತದಲ್ಲೇ ಕೂಡಿಸಿ ಗುಣ ಗಟ್ಟಿ ಮಾಡಿದ. ಹಳೇ ಪ್ರಾಣಿಗಳ ಅಸ್ಥಿಪಂಜರ, ಉಪ್ಪು ನೀರಲ್ಲಿ ಹಾಕಿಟ್ಟ ಮಾಂಸದ ತುಂಡು ಎಲ್ಲಾ ಮನೇಲಿ ಇಟ್ಟಿರ್ತಿದ್ದ, ಮೂಳೆ ಎಷ್ಟು ಸಣ್ಣ ಆಯ್ತು ಕೊಬ್ಬು ಎಷ್ಟು ದಪ್ಪ ಆಯ್ತು ಅಂತ ಬಂದೋರಿಗೆ ತೋರ್ಸೋಕೆ.

ಆತನ ದೊಡ್ಡ ಬುದ್ಧಿವಂತಿಕೆ ಅಂದ್ರೆ ಒಳ್ಳೆ ಟಗರು ಮಾರ್ತಾ ಇರಲಿಲ್ಲ, ಒಂದು ಸೀಸನ್‌ಗೆ ಬಾಡಿಗೆಗೆ ಕೊಡ್ತಿದ್ದ. 1760ರ ಸುಮಾರಿಗೆ ಶುರು ಮಾಡಿದಾಗ ಒಂದು ಟಗರಿಗೆ ಪೌಂಡ್ ಕೂಡ ಬರ್ತಿರಲಿಲ್ಲ, ಹದಿನಾರು ಹದಿನೇಳು ಶಿಲ್ಲಿಂಗ್ ಅಷ್ಟೇ (ಆಗ ಇಪ್ಪತ್ತು ಶಿಲ್ಲಿಂಗ್ ಸೇರಿದ್ರೆ ಒಂದು ಪೌಂಡ್). 1780ರ ದಶಕಕ್ಕೆ ನೂರಾರು ಗಿನಿ ಬಾಡಿಗೆ, ಅದರಲ್ಲೂ ಟೂ ಪೌಂಡರ್ ಅನ್ನೋ ಟಗರು ಬಹಳ ಹೆಸರು ಮಾಡ್ತು. ಬಾಡಿಗೆಗೆ ಕೊಟ್ರೆ ಲಾಭ ಏನು ಅಂದ್ರೆ, ಟಗರು ಹತ್ತು ಕಡೆ ಹತ್ತು ಥರದ ಮೇವಲ್ಲಿ ಹತ್ತು ಥರದ ಕುರಿಗೆ ಹುಟ್ಟಿಸಿದ ಮರಿ ಹೆಂಗಿವೆ ಅಂತ ಹೋಗಿ ನೋಡ್ಕೊಂಡು ಬರಬಹುದು, ಯಾವ್ದು ಚೆನ್ನಾಗಿ ಹುಟ್ಟಿಸ್ತೋ ಅದನ್ನ ವಾಪಸ್ ತನ್ನ ಮಂದೆಗೇ ಹಾಕ್ಕೋಬಹುದು. ಇವತ್ತು ಮರಿಗಳನ್ನ ನೋಡಿ ಅಪ್ಪನಿಗೆ ಬೆಲೆ ಕಟ್ಟೋದು ಅಂತ ವಿಜ್ಞಾನಿಗಳು ಮಾಡೋ ಕೆಲಸಾನ ಆತ ಬಾಡಿಗೆ ನೆಪದಲ್ಲಿ ಮಾಡ್ಬಿಟ್ಟಿದ್ದ. 1783ರಲ್ಲಿ ಆತ, ಆತನ ಥರ ಟಗರು ಬಾಡಿಗೆಗೆ ಕೊಡೋರು ಸೇರಿ ಡಿಶ್ಲಿ ಸೊಸೈಟಿ ಅಂತ ಕಟ್ಕೊಂಡ್ರು, ಸಿಕ್ಕ ಸಿಕ್ಕೋರಿಗೆ ಕಡಿಮೆ ಬೆಲೆಗೆ ಟಗರು ಬಿಡಬಾರದು ಅಂತೆಲ್ಲ ಕಟ್ಟುಪಾಡು.

ಆದ್ರೆ ಬೇಕ್‌ವೆಲ್ ಯಾವ ಟಗರು ಯಾವ ಕುರಿಗೆ ಬಿಟ್ಟೆ ಅನ್ನೋದನ್ನ ಹೊರಗೆ ಬಿಟ್ಟುಕೊಡ್ತಾ ಇರಲಿಲ್ಲ. ಜನ ನಂಬ್ತಿದ್ದಿದ್ದು ಆತನ್ನ. ಆ ಮನುಷ್ಯ ಹೋದ್ರೆ ನಂಬಿಕೇನೂ ಹೋಯ್ತು. ಮುಂದಿನ ನೂರು ವರ್ಷ ಈ ನಂಬಿಕೇನ ಮನುಷ್ಯನ ಬಾಯಿಂದ ಪುಸ್ತಕಕ್ಕೆ ಇಳಿಸೋ ಕೆಲಸಾನೇ ನಡೀತು ಅನ್ನಬಹುದು. ಕುದುರೆಗೆ 1791ರಲ್ಲಿ ಸ್ಟಡ್ ಬುಕ್, ಅಂದ್ರೆ ಅಪ್ಪ ಅವ್ವನ ಹೆಸರು ಬರೆದಿಡೋ ವಂಶಾವಳಿ ಪುಸ್ತಕ ಬಂತು, ಶಾರ್ಟ್‌ಹಾರ್ನ್ ದನಗಳಿಗೆ 1822ರಲ್ಲಿ ಹರ್ಡ್ ಬುಕ್ ಬಂತು, ಕುರಿಗೆ ಮಾತ್ರ ಲೇಟು. ಕುರಿ ಮಂದೆ ದೊಡ್ಡದು, ಒಂದೊಂದರ ಹೆಸರು ಬರ್ಕೊಂಡು ಕೂರೋದು ಯಾರು? ಕೊನೆಗೆ 1883ರಲ್ಲಿ ಶ್ರಾಪ್‌ಶೈರ್ ತಳಿಯೋರು ಬ್ರಿಟನ್ನಿನ ಮೊದಲ ಫ್ಲಾಕ್ ಬುಕ್, ಅಂದ್ರೆ ಕುರಿಗಳ ವಂಶಾವಳಿ ಪುಸ್ತಕ ಅಚ್ಚು ಹಾಕಿಸಿದ್ರು. ಅವರ ಕುರಿ ಸಮುದ್ರ ದಾಟಿ ಅಮೆರಿಕಾಗೆ ಹೋಗ್ತಾ ಇತ್ತು, ಅಲ್ಲಿ ಕೂತು ದುಡ್ಡು ಕೊಡೋನು ಇಂಗ್ಲೆಂಡಿಗೆ ಬಂದು ಯಾರ ಮುಖಾನೂ ನೋಡೋಕಾಗಲ್ಲ, ಅವನಿಗೆ ಕಾಗದ ಬೇಕು. ಅಲ್ಲಿಂದಾಚೆ ತಳಿಗೊಂದು ಸೊಸೈಟಿ, ಸೊಸೈಟಿಗೊಂದು ಪುಸ್ತಕ, ಪುಸ್ತಕದಲ್ಲಿ ಇದ್ರೆ ಮಾತ್ರ ಅದು ಪೆಡಿಗ್ರೀ, ಅಂದ್ರೆ ವಂಶಾವಳಿ ಇರೋ ಕುರಿ.

ಹರಾಜಿನ ಕಡೆಗೆ ಬರೋಣ. ಬೇಕ್‌ವೆಲ್ ಹತ್ರ ಕಲಿತ ಕಲ್ಲಿ ಅಂತ ಅಣ್ಣತಮ್ಮಂದಿರು 1767ರಲ್ಲಿ ಉತ್ತರಕ್ಕೆ, ನಾರ್ಥಂಬರ್ಲೆಂಡ್ ಕಡೆಗೆ ಹೋಗಿ ನೆಲೆಸಿದ್ರು, ಡಿಶ್ಲಿ ರಕ್ತ ಅವರ ಜೊತೆ ಹೋಯ್ತು, ಇಂಗ್ಲೆಂಡ್ ಸ್ಕಾಟ್ಲೆಂಡ್ ಗಡಿ ಸೀಮೆಯಲ್ಲಿ ಅದರಿಂದ ಬಾರ್ಡರ್ ಲೆಸ್ಟರ್ ಅನ್ನೋ ತಳಿ ಆಯ್ತು. ಅದೇ ಗಡಿಯ ಕೆಲ್ಸೊ ಅನ್ನೋ ಊರಲ್ಲಿ 1838ರಿಂದ ಟಗರು ಹರಾಜು ನಡೀತಾ ಬಂದಿದೆ. ಈಗ್ಲೂ ಸೆಪ್ಟೆಂಬರ್‌ನಲ್ಲಿ ಒಂದೇ ದಿನ, ಒಂದೇ ಮೈದಾನದಲ್ಲಿ, ಹತ್ತಕ್ಕಿಂತ ಜಾಸ್ತಿ ರಿಂಗ್‌ಗಳಲ್ಲಿ (ಟಗರನ್ನ ಎಲ್ರ ಮುಂದೆ ನಿಲ್ಲಿಸೋ ಬೇಲಿ ಹಾಕಿದ ಅಂಕಣ) ಒಟ್ಟೊಟ್ಟಿಗೆ ಹರಾಜು ಕೂಗ್ತಾರೆ, ಸಾವಿರಾರು ಟಗರು ಕೈ ಬದಲಾಗುತ್ತೆ. ಅಲ್ಲಿ ಯಾರೂ ಕೋಟಿ ಕೊಡಲ್ಲ, ಬಹುತೇಕ ಟಗರುಗಳು ಕೆಲವು ನೂರರಿಂದ ಒಂದೆರಡು ಸಾವಿರ ಪೌಂಡ್‌ಗೆ ಮಾಮೂಲಿ ಕುರಿ ಸಾಕೋರ ಮಂದೆಗೆ ಹೋಗ್ತವೆ. ಟಗರು ಹರಾಜಿನ ನಿಜವಾದ ಹೊಟ್ಟೆಪಾಡು ಇರೋದು ಇಲ್ಲೇ. ಮೂರೂವರೆ ಕೋಟಿ ಸುದ್ದಿ ಓದಿದೋರಿಗೆ ಈ ಕೆಲ್ಸೊ ಗೊತ್ತಾಗಲ್ಲ ಅನ್ನೋದು ನಂಗೆ ಬೇಜಾರು.

ಗಿನಿ ಅನ್ನೋ ಲೆಕ್ಕಾನೂ ಹಳೇದೇ. ಗಿನಿ ನಾಣ್ಯ ಕೊನೇ ಸಲ ಅಚ್ಚಾಗಿದ್ದು 1814ರಲ್ಲಿ. 21 ಶಿಲ್ಲಿಂಗ್ ಅಂದ್ರೆ ಒಂದು ಗಿನಿ, ಇವತ್ತಿನ ಲೆಕ್ಕಕ್ಕೆ ಒಂದು ಪೌಂಡ್ ಐದು ಪೆನ್ಸ್. ಮಾರಿದೋನಿಗೆ ಪೌಂಡು, ಮೇಲಿನ ಆ ಒಂದು ಶಿಲ್ಲಿಂಗ್ ಹರಾಜು ಕೂಗಿದೋನಿಗೆ ಅಂತ ಹಿಂದಿನಿಂದ ಬಂದ ರೂಢಿ. ವ್ಯಾಪಾರ ಮುಗಿದ ಮೇಲೆ ಮಾರಿದೋನು ತಗೊಂಡೋನ ಕೈಗೆ ಸ್ವಲ್ಪ ದುಡ್ಡು ವಾಪಸ್ ಇಡ್ತಾನೆ, ಲಕ್ ಮನಿ ಅಂತಾರೆ, ಒಳ್ಳೇದಾಗ್ಲಿ ಅಂತ. ನಮ್ ಜಾತ್ರೇಲಿ ಟವಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡಿ, ಕುದುರಿದ ಮೇಲೆ ಹಗ್ಗಕ್ಕೆ ಅಂತ ಒಂದಿಷ್ಟು ಬಿಡೋರು ಇರ್ತಿದ್ರಲ್ಲ, ಅದೇ ಮನಸ್ಸು. ವ್ಯತ್ಯಾಸ ಏನಪ್ಪಾ ಅಂದ್ರೆ ಟವಲ್ ಕೆಳಗಿನ ರೇಟು ಮೂರನೆಯವನಿಗೆ ಗೊತ್ತಾಗಬಾರದು, ಅಲ್ಲಿ ರೇಟು ಊರಿಗೆಲ್ಲ ಕೇಳ್ಬೇಕು, ಯಾಕಂದ್ರೆ ಇವತ್ತು ಈ ಟಗರಿಗೆ ಬಂದ ರೇಟು ನಾಳೆ ಅದರ ಮರಿಗಳ ರೇಟು.

ಹರಾಜಿಗೆ ಮುಂಚೆ ಪ್ರದರ್ಶನ ಇರುತ್ತೆ. ವಾರಗಟ್ಟಲೆ ಮುಂಚಿಂದ ತಯಾರಿ, ಮೈ ತೊಳೆದು, ಉಣ್ಣೆ ಬಾಚಿ, ಕೈ ಕತ್ತರಿಯಲ್ಲಿ ಎಳೆ ಎಳೆ ಕತ್ತರಿಸಿ ಬೆನ್ನು ಹಲಗೆ ಥರ ಮಟ್ಟಸ ಕಾಣೋ ಹಂಗೆ ಮಾಡ್ತಾರೆ. ರಿಂಗಲ್ಲಿ ಒಬ್ಬೊಬ್ಬರು ಒಂದೊಂದು ಟಗರಿನ ದವಡೆ ಕೆಳಗೆ ಕೈ ಕೊಟ್ಟು ತಲೆ ಎತ್ತಿ ನಿಲ್ಲಿಸ್ಕೊಂಡಿರ್ತಾರೆ, ಜಡ್ಜು ಮೊದಲು ದೂರದಿಂದ ನಡಿಗೆ ನೋಡ್ತಾರೆ, ಗೊರಸಿನ ಮೇಲಿನ ಗೆಣ್ಣು ಕುಸಿದಿದೆಯಾ ನೆಟ್ಟಗಿದೆಯಾ ಅಂತ. ಆಮೇಲೆ ಹತ್ರ ಬಂದು ತುಟಿ ಎತ್ತಿ ಕೆಳಗಿನ ಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂತಿದೆಯಾ ನೋಡ್ತಾರೆ, ಮುಂದಕ್ಕೆ ಬಂದಿದ್ರೂ ಹಿಂದಕ್ಕೆ ಹೋಗಿದ್ರೂ ಅದು ಹುಲ್ಲು ಕಚ್ಚೋಕಾಗಲ್ಲ, ಮರಿಗಳಿಗೂ ಬರುತ್ತೆ. ಸೊಂಟದ ಮೇಲೆ ಅಂಗೈ ಅಗಲ ಹಾಕಿ ಬೆರಳು ಒತ್ತಿ ಮಾಂಸ ಎಷ್ಟು ಕೊಬ್ಬು ಎಷ್ಟು ಅಂತ ಅಂದಾಜು, ಹಿಂದೊಡೆ ಹಿಡಿದು ನೋಡೋದು, ಬೀಜ ಎರಡೂ ಸಮ ಇದಾವಾ ಗಟ್ಟಿ ಇದಾವಾ ಅಂತ ಮುಟ್ಟಿ ನೋಡೋದು. ಅಂಥ ರಿಂಗಿನ ವಿಡಿಯೋ ನೋಡ್ತಾ ನಂಗೆ ಮೈ ಜುಮ್ ಅಂತು, ನಮ್ ದೊಡ್ಡಪ್ಪ ಮಾಡೋದೂ ಚಾಚೂ ತಪ್ಪದೆ ಇದೇ ಕೈ ಕೆಲಸ. ನಮ್ಮೋರು ಎರಡಲ್ಲು ನಾಕಲ್ಲು ಅಂತ ವಯಸ್ಸು ಹೇಳ್ತಾರೆ, ಅಲ್ಲಿ ಒಂದು ಸಲ ಉಣ್ಣೆ ಕತ್ತರಿಸಿದ್ದು ಅಂತಾನೂ ಹೇಳ್ತಾರೆ, ಅಷ್ಟೇ ಫರಕು.

ಪ್ರದರ್ಶನದ ರೋಗ ಅಂದ್ರೆ ಮೇವು. ರಿಂಗಲ್ಲಿ ದೊಡ್ಡದಾಗಿ ಕಾಣ್ಲಿ ಅಂತ ಕಾಳು ಹಿಂಡಿ ತಿನ್ನಿಸಿ ತಿನ್ನಿಸಿ ಉಬ್ಬಿಸ್ತಾರೆ, ಅಂಥ ಟಗರು ತಗೊಂಡೋನ ಹುಲ್ಲುಗಾವಲಿಗೆ ಬಂದ ಮೇಲೆ ಕರಗಿ ಹೋಗುತ್ತೆ, ಕಾಲು ನೋವು, ಕುರಿ ಹತ್ತೋಕೆ ಉಸಿರಿಲ್ಲ. ಬ್ರಿಟನ್ನಿನ ಕುರಿ ಸಾಕೋರು ಇದನ್ನ ದಶಕಗಳಿಂದ ಹೇಳ್ತಾನೇ ಇದಾರೆ. ಅದಕ್ಕೇ 1970ರ ದಶಕದಿಂದ ಇನ್ನೊಂದು ದಾರಿ ಬೆಳೀತು, ಮರಿ ಎಂಟು ವಾರಕ್ಕೆ ಎಷ್ಟು ತೂಗ್ತು, ಸ್ಕ್ಯಾನ್ ಮಾಡಿದ್ರೆ ಸೊಂಟದ ಮಾಂಸ ಎಷ್ಟು ಆಳ, ಕೊಬ್ಬು ಎಷ್ಟು ದಪ್ಪ, ಅದರ ಅಣ್ಣತಮ್ಮಂದಿರ ಲೆಕ್ಕ ಹೆಂಗಿದೆ, ಇದೆಲ್ಲ ಸೇರಿಸಿ ಒಂದು ಅಂಕಿ ಕಟ್ಟೋದು. ಪ್ರದರ್ಶನದಲ್ಲಿ ಗೆದ್ದ ರಿಬ್ಬನ್ ನೋಡಿ ಕೊಳ್ಳೋರು, ಅಂಕಿ ನೋಡಿ ಕೊಳ್ಳೋರು ಅಂತ ಎರಡು ಗುಂಪಾಯ್ತು, ಆ ಜಗಳ ಇವತ್ತಿಗೂ ಮುಗಿದಿಲ್ಲ. ನಾನು ಅಂಕಿ ಕಡೆಯವನು, ಆದ್ರೆ ಹಲ್ಲು ಕಾಲು ಬೀಜ ನೋಡೋ ಕೈಯನ್ನ ಅಂಕಿ ತಳ್ಳಿಹಾಕೋಕಾಗಲ್ಲ, ಅದನ್ನೂ ಒಪ್ತೀನಿ.

2001 ಬಹಳ ಕೆಟ್ಟ ವರ್ಷ. ಕಾಲುಬಾಯಿ ಜ್ವರ ಬಂದು ಬ್ರಿಟನ್ನಲ್ಲಿ ಲಕ್ಷಾಂತರ ಪ್ರಾಣಿಗಳನ್ನ ಕೊಂದು ಸುಟ್ರು, ಸಂತೆಗಳು ಮುಚ್ಚಿದ್ವು. ಅದೇ ವರ್ಷ ಅಲ್ಲಿನ ಸರ್ಕಾರ ಸ್ಕ್ರೇಪಿ ಅನ್ನೋ ಕುರಿ ಮೆದುಳಿನ ರೋಗದ ವಿರುದ್ಧ ಟಗರುಗಳ ರಕ್ತ ಪರೀಕ್ಷೆ ಯೋಜನೆ ಶುರು ಮಾಡ್ತು, ಹುಚ್ಚು ಹಸು ರೋಗ ಕುರಿಗೂ ದಾಟಿ ಸ್ಕ್ರೇಪಿ ಹಿಂದೆ ಬಚ್ಚಿಟ್ಕೊಂಡಿದ್ರೆ ಅನ್ನೋ ಭಯ. ರೋಗ ತಡ್ಕೊಳ್ಳೋ ಜೀನ್ ಇಲ್ಲ ಅಂದ್ರೆ ಎಷ್ಟೇ ಚಂದದ ಟಗರಿಗೂ ಬೆಲೆ ಬೀಳ್ತಿತ್ತು. ಹಿಂಗೆ ವಂಶಾವಳಿ ಕಾಗದಕ್ಕೆ ರಕ್ತದ ರಿಪೋರ್ಟೂ ಸೇರ್ಕೊಳ್ತು.

ಟೆಕ್ಸೆಲ್ ಬ್ರಿಟನ್ನಿಗೆ ಬಂದಿದ್ದೇ ಇತ್ತೀಚೆಗೆ, 1970ರ ದಶಕದಲ್ಲಿ, ಸೊಸೈಟಿ ಆಗಿದ್ದು 1974ರಲ್ಲಿ. ಮೂಲ ನೆದರ್ಲೆಂಡ್ಸ್‌ನ ಟೆಕ್ಸೆಲ್ ದ್ವೀಪ. ಆ ದ್ವೀಪದ ಕುರಿಗೆ 19ನೇ ಶತಮಾನದಲ್ಲಿ ಇಂಗ್ಲೆಂಡಿಂದ ಲಿಂಕನ್, ಲೆಸ್ಟರ್ (ಬೇಕ್‌ವೆಲ್ ಡಿಶ್ಲಿಯಲ್ಲಿ ತಿದ್ದಿದ್ದು ಈ ಲೆಸ್ಟರ್ ತಳೀನೇ) ಟಗರು ತಂದು ಕೂಡಿಸಿದ್ರು, ಅಂದ್ರೆ ಡಿಶ್ಲಿ ರಕ್ತ ಸಮುದ್ರ ದಾಟಿ ಹೋಗಿ, ನೂರು ವರ್ಷ ಅಲ್ಲಿ ಬೆಳೆದು, ವಾಪಸ್ ಬಂದು ಲ್ಯಾನಾರ್ಕ್ ರಿಂಗಲ್ಲಿ ದಾಖಲೆ ಮಾಡ್ತು. ಟೆಕ್ಸೆಲ್ ತೊಡೆ ಯಾಕೆ ಅಷ್ಟು ತುಂಬಿರುತ್ತೆ ಅನ್ನೋದಕ್ಕೆ 2006ರಲ್ಲಿ ವಿಜ್ಞಾನಿಗಳು ಕಾರಣ ಕಂಡುಹಿಡಿದ್ರು, ಮಾಂಸಖಂಡ ಬೆಳೆಯೋದಕ್ಕೆ ಬ್ರೇಕ್ ಹಾಕೋ ಮಯೋಸ್ಟ್ಯಾಟಿನ್ ಜೀನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಆ ಬ್ರೇಕ್ ಸಡಿಲ ಆಗಿದೆ.

ಇಷ್ಟಾದ್ರೂ ಮೂರೂವರೆ ಕೋಟಿ ವಾಪಸ್ ಬರೋದು ಹೆಂಗೆ? ಮಾಂಸದಿಂದ ಅಂತೂ ಅಲ್ಲ. ವೀರ್ಯ ಮಾರ್ತಾರೆ, ಭ್ರೂಣ ಮಾರ್ತಾರೆ, ಗಂಡು ಮರಿಗಳನ್ನ ಮತ್ತೆ ಅದೇ ಥರದ ಹರಾಜಿಗೆ ತರ್ತಾರೆ. ಕೊಳ್ಳೋನು ನಂಬೋವರೆಗೂ ಇದು ನಡೆಯುತ್ತೆ. ಆಸ್ಟ್ರೇಲಿಯಾದಲ್ಲಿ 1988ರಲ್ಲಿ ಒಂದು ಮೆರಿನೊ ಟಗರು 4 ಲಕ್ಷ 50 ಸಾವಿರ ಡಾಲರ್‌ಗೆ ಹೋಗಿತ್ತು, ಉಣ್ಣೆಗೆ ಸರ್ಕಾರದ ಬೆಂಬಲದ ಕನಿಷ್ಠ ಬೆಲೆ ಇದ್ದ ಕಾಲ. 1991ರಲ್ಲಿ ಆ ವ್ಯವಸ್ಥೆ ಬಿದ್ದೋಯ್ತು, ಗೋಡೌನ್ ತುಂಬ ಉಣ್ಣೆ, ಟಗರು ರೇಟೂ ಬಿತ್ತು. ಕಾಗದ ಎಷ್ಟೇ ಸರಿ ಇದ್ರೂ ಕೊನೇಗೆ ಉಣ್ಣೇನೋ ಮಾಂಸಾನೋ ಕೊಳ್ಳೋನು ಇರ್ಬೇಕಲ್ಲ.

ನಮ್ ಮೈಸೂರು ಸೀಮೆಗೂ ಬೀಜದ ಟಗರು ತರಿಸೋದು ಹೊಸದೇನಲ್ಲ, 19ನೇ ಶತಮಾನದ ನಡುವೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲೇ ಹೊರಗಿಂದ ಮೆರಿನೊ ಟಗರು ತರಿಸಿ ನಾಟಿ ಕುರಿಗೆ ಬಿಟ್ಟಿದ್ರು, ಉಣ್ಣೆ ಆಸೆಗೆ. ಬನ್ನೂರು, ಮಳವಳ್ಳಿ, ಮದ್ದೂರು ಸುತ್ತಿನ ಕುರಿ ಮಾತ್ರ ಯಾರೂ ತರಿಸಿದ್ದಲ್ಲ, ಹಳ್ಳಿಯೋರೇ ಕೈಯಲ್ಲಿ ಮುಟ್ಟಿ ಮುಟ್ಟಿ ಆರಿಸಿ ಬೆಳೆಸಿದ್ದು. ಈಗ ಒಳ್ಳೆ ಬನ್ನೂರು ಟಗರಿಗೆ ಲಕ್ಷ ದಾಟಿದ ಸುದ್ದಿ ಬರುತ್ತೆ, ಹಾರ ಹಾಕಿ ಮೆರವಣಿಗೆ ಮಾಡ್ತಾರೆ, ಫೋನಲ್ಲಿ ವಿಡಿಯೋ ಓಡಾಡುತ್ತೆ. ಖುಷಿನೇ. ಆದ್ರೆ ಲಕ್ಷ ಕೊಟ್ಟೋನ ಕೈಗೆ ಹಗ್ಗ ಸಿಗುತ್ತೆ, ಅಪ್ಪ ಅವ್ವನ ಹೆಸರಿರೋ ಒಂದು ಚೀಟಿ ಸಿಗಲ್ಲ. ಮಂದೇಲಿ ಎಲ್ಲಾ ಟಗರೂ ಒಟ್ಟಿಗೆ ಮೇಯೋವಾಗ ಯಾವ ಮರಿ ಯಾವುದರದ್ದು ಅಂತ ಯಾರು ಹೇಳ್ತಾರೆ? ಅದಕ್ಕೆ ಲ್ಯಾನಾರ್ಕ್ ಥರ ರಿಂಗೇನೂ ಬೇಡ, ಟಗರನ್ನ ಬೇರೆ ಕಟ್ಟೋಕೆ ಒಂದು ದೊಡ್ಡಿ, ಕಿವಿಗೆ ಒಂದು ನಂಬರು, ಬರೆಯೋಕೆ ಒಂದು ಪುಸ್ತಕ ಇದ್ರೆ ಸಾಕು.

ನನ್ ತಮ್ಮ ಹೋದ ವರ್ಷದಿಂದ ಶುರು ಮಾಡಿದಾನೆ, ಇನ್ನೂರು ಪುಟದ ಉದ್ದ ನೋಟ್‌ಬುಕ್ಕು, ಮೊದಲ ಪುಟಕ್ಕೆ ದೊಡ್ಡಪ್ಪನ ಕೈಲೇ ಅರಿಶಿನ ಕುಂಕುಮ ಹಚ್ಚಿಸಿ. ಮೊದಲ ಸಾಲು ಹಿಂಗಿದೆ: ಕಿವಿ ನಂಬರ್ 7, ಹೆಣ್ಣು, ಅವ್ವ ಕಂದು ಮೂತಿಯದು, ಹುಟ್ಟಿದ್ದು ಶಿವರಾತ್ರಿ ಮಾರನೇ ದಿನ, ಅಪ್ಪ ಗೊತ್ತಿಲ್ಲ. ಹನ್ನೆರಡನೇ ಸಾಲಿಂದ ಅಪ್ಪನ ಹೆಸರು ಶುರುವಾಗುತ್ತೆ.